ಪ್ರದೀಪನ ಬಾಣಂತನ

ನಮ್ಮ ಊರಿನಲ್ಲಿ ಬಾಣಂತನ ಮಾಡಿಸಿಕೊಂಡ ಗಂಡಸು ಒಬ್ಬನೇ, ಪ್ರದೀಪ. ಆಗ ಅವನಿಗೆ ಮೂವತ್ತೆರಡೋ ಮೂವತ್ತಮೂರೋ. ಮೀಸೆ ಇತ್ತು, ಎರಡು ಮಕ್ಕಳಿದ್ದವು. ಕಾಳುಮೆಣಸಿನ ಬಳ್ಳಿ ಹಬ್ಬಿದ ಎತ್ತರದ ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಮೇಲೆ ಹೋಗಿ ಮೆಣಸು ಕೊಯ್ಯುವುದಕ್ಕೆ ಕೆ. ಹೊಸಕೋಟೆಯ ಸುತ್ತಮುತ್ತಲ ಎಸ್ಟೇಟಿನವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಇಂಥವನಿಗೆ ಬಾಣಂತನವೇ ಎಂದು ನಕ್ಕವರಲ್ಲಿ ನಾನೂ ಒಬ್ಬ. ನಗದೆ ಇರಲು ನಾನೇನು ಕಲ್ಲೇ.

ನಾನು ಯೋಗಾನಂದ, ಬಾಡಿಗೆ ಜೀಪು ಓಡಿಸುವವನು. ನನ್ನ ಮನೆಗೂ ಪ್ರದೀಪನ ಮನೆಗೂ ನಡುವೆ ಒಂದು ಬೇಲಿ. ಮದುವೆಗೆ, ಸಾವಿಗೆ, ಆಲೂರಿನ ಕಚೇರಿಗೆ, ಹಾಸನದ ಆಸ್ಪತ್ರೆಗೆ ಜನ ನನ್ನ ಜೀಪು ಹತ್ತುತ್ತಾರೆ, ಹತ್ತಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಹಾಗಾಗಿ ನಾನು ಕೇಳದೆಯೇ ಊರಿನವರ ಸಂಸಾರಗಳೆಲ್ಲ ನನ್ನ ಕಿವಿಗೆ ಬಿದ್ದಿರುತ್ತವೆ. ಇದು ಮಾತ್ರ ನಾನು ಕೇಳಿದ್ದಲ್ಲ, ಮೊದಲಿಂದ ಕೊನೆಯವರೆಗೆ ಕಣ್ಣಾರೆ ಕಂಡದ್ದು.

ಅದು ಹಂದಿಜ್ವರದ ವರ್ಷ. ಟಿವಿ ಹಾಕಿದರೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ಜನ. ಅದೆಲ್ಲ ಬೆಂಗಳೂರಿನ ಕಾಯಿಲೆ, ಆನೆ ಓಡಾಡುವ ನಮ್ಮ ಕಡೆಗೆ ಹಂದಿಯ ಜ್ವರ ಯಾಕೆ ಬರುತ್ತದೆ ಎಂದು ನಾವು ತಮಾಷೆ ಮಾಡಿಕೊಂಡಿದ್ದೆವು. ಗೌರಿಹಬ್ಬ ಕಳೆದ ಮೇಲೆ ಪ್ರದೀಪನಿಗೆ ಜ್ವರ ಬಂತು, ಜೊತೆಗೆ ಕೆಮ್ಮು. ಮಳೆಯಲ್ಲಿ ನೆನೆದದ್ದಕ್ಕೆ ಎಂದು ಕಷಾಯ ಕುಡಿದು ಮಲಗಿದ. ಎರಡು ದಿನದಲ್ಲಿ ಒಂದು ಮಾತಿಗೆ ನಾಲ್ಕು ಸಲ ಉಸಿರೆಳೆಯುವಂತಾಯಿತು, ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಅವನ ಅಪ್ಪ ಚಲುವಯ್ಯ ಬೇಲಿಯ ಆಚೆಯಿಂದ ನನ್ನನ್ನು ಕೂಗಿದ. ನನ್ನ ಹೆಂಡತಿ ಹೋಗಬೇಡ ಎಂದು ಕಣ್ಣಲ್ಲೇ ಹೇಳಿದಳು. ನಾನು ಹೋದೆ. ಹಿಂದಿನ ಸೀಟಿನಲ್ಲಿ ಪ್ರದೀಪನ ತಾಯಿ ಲಿಂಗಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಅವನ ಹೆಂಡತಿ ನಯನಾ ಕಾಲು ಹಿಡಿದುಕೊಂಡಳು. ಅವನನ್ನು ಹಾಸನಕ್ಕೆ ಮುಟ್ಟಿಸಿ ಬಂದದ್ದಕ್ಕೆ ನಾನು ಒಂದು ವಾರ ಜಗಲಿಯಲ್ಲಿ ಮಲಗಬೇಕಾಯಿತು.

ಆಸ್ಪತ್ರೆಯಲ್ಲಿ ಅವನನ್ನು ಬೇರೆ ವಾರ್ಡಿನಲ್ಲಿಟ್ಟು, ಮೂಗಿಗೆ ಆಕ್ಸಿಜನ್ ಕೊಟ್ಟು, ಆಮೇಲೆ ಉಸಿರಾಡಿಸುವ ಯಂತ್ರವನ್ನೇ ಹಾಕಿದರು. ಹೋಗಿಬಿಟ್ಟ ಎಂದೇ ಊರಿನಲ್ಲಿ ಸುದ್ದಿಯಾಗಿತ್ತು. ಅವನು ಹೋಗಲಿಲ್ಲ. ಜ್ವರ ಇಳಿಯಿತು, ಯಂತ್ರ ತೆಗೆದರು, ಗಂಜಿ ಕುಡಿದ. ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮನ್ನು ಒಳಗೆ ಕರೆದರು. ಹೆಸರು ಬಿಂದುಶ್ರೀ, ಚಿಕ್ಕ ವಯಸ್ಸು, ನಮ್ಮ ಪಕ್ಕದ ಬೆಳಗೋಡಿನ ಕಡೆಯವರೇ. ನನಗೆ ದೊಡ್ಡವರ ಹತ್ತಿರ ಮಾತಾಡಲು ಬರುತ್ತದೆ ಎಂಬ ನಂಬಿಕೆಯ ಮೇಲೆ ಚಲುವಯ್ಯ ನನ್ನನ್ನೂ ಎಳೆದುಕೊಂಡು ಹೋದ.

"ಶ್ವಾಸಕೋಶ ಸುಧಾರಿಸ್ತಾ ಇದೆ," ಎಂದರು ಡಾಕ್ಟರು. "ಆದ್ರೆ ಈ ಜ್ವರ ಜೋರಾದಾಗ ಕೆಲವರಿಗೆ ಹೃದಯದ ಮಾಂಸಖಂಡಕ್ಕೂ ಪೆಟ್ಟು ಬೀಳುತ್ತೆ. ಇವರಿಗೆ ಬಿದ್ದಿದೆ. ರಕ್ತ ತಳ್ಳೋ ಶಕ್ತಿ ಅರ್ಧಕ್ಕೆ ಇಳಿದಿದೆ. ಮೂರು ತಿಂಗಳು ಭಾರ ಎತ್ತಬಾರದು, ಮರ ಹತ್ತಬಾರದು, ಮೈ ದಣಿಸಬಾರದು. ಉಪ್ಪು ಕಮ್ಮಿ, ನೀರೂ ಹಿಡಿತದಲ್ಲಿ. ಸುಮ್ಮನಿದ್ರೆ ವಾಸಿಯಾಗೋ ಸಾಧ್ಯತೆ ಚೆನ್ನಾಗಿದೆ. ದಣಿಸಿದ್ರೆ ಹೃದಯ ಹಿಗ್ಗಿಕೊಳ್ಳುತ್ತೆ, ಆಮೇಲೆ ಜೀವಕ್ಕೇ ಅಪಾಯ."

ಚಲುವಯ್ಯ ತಲೆಯಾಡಿಸಿದ. ಜೀಪಿನಲ್ಲಿ ಕೂತ ಮೇಲೆ ಅವನ ಮಾತು ಬೇರೆಯಾಯಿತು. "ಹಾರ್ಟಂತೆ ಕಣೋ ಯೋಗಾ. ಹಾರ್ಟು ಕುಂತ್ಕಂಡು ತಿನ್ನೋ ಸಾವ್ಕಾರ್ರಿಗೆ ಬರೋದು. ಇವ್ನು ವರ್ಷದಾಗೆ ಆರು ತಿಂಗ್ಳು ಮರದ ಮ್ಯಾಲೇ ಇರೋನು."

ನನಗೂ ಅದೇ ಸರಿ ಅನ್ನಿಸಿತು. ಹೃದಯದ ಕಾಯಿಲೆ ಎಂದರೆ ಎದೆ ಹಿಡಿದುಕೊಂಡು ಬೀಳುವುದು ಎಂದಷ್ಟೇ ನಮಗೆ ಗೊತ್ತಿದ್ದದ್ದು. ಪ್ರದೀಪ ಬಿದ್ದಿರಲಿಲ್ಲ, ಕಿಟಕಿಯ ಪಕ್ಕ ಕೂತು ಆಲೂರಿನಲ್ಲಿ ಟೀ ಕುಡಿಯೋಣ ಎನ್ನುತ್ತಿದ್ದ.

ಮನೆಗೆ ಬಂದ ಮೇಲೆ ಲಿಂಗಮ್ಮ ಒಳ್ಳೆಯ ದಿನ ನೋಡಿ ಮಗನ ತಲೆಗೆ ನೀರು ಹಾಕಿದಳು. ಇದನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆ ಜ್ವರ ಬಂದವರು ಜ್ವರ ಬಿಡುವ ತನಕ ತಲೆಗೆ ನೀರು ಮುಟ್ಟಿಸುವುದಿಲ್ಲ. ಬಿಟ್ಟ ಮೇಲೆ ಹಂಡೆ ಕಾಯಿಸಿ, ಎಣ್ಣೆ ಒತ್ತಿ, ಸೀಗೆಪುಡಿ ತಿಕ್ಕಿ, ಬಿಸಿನೀರು ಸುರಿದು, ನಾಟಿಕೋಳಿ ಸಾರು ಕುಡಿಸಿ ಮಲಗಿಸುತ್ತಾರೆ. ಅಲ್ಲಿಗೆ ಕಾಯಿಲೆ ಮುಗಿಯಿತು. ತಲೆಗೆ ನೀರು ಬಿದ್ದವನನ್ನು ಊರಿನಲ್ಲಿ ಯಾರೂ ರೋಗಿ ಎನ್ನುವುದಿಲ್ಲ, ಅವನೂ ಹಾಗೆ ಹೇಳಿಕೊಳ್ಳುವಂತಿಲ್ಲ. ಹೇಳಿಕೊಂಡರೆ ಮೈಗಳ್ಳ. ಅಲ್ಲಿಯವರೆಗೆ ಬೇಲಿಯ ಆಚೆಗೇ ನಿಲ್ಲುತ್ತಿದ್ದ ಜನ ಅವತ್ತು ಸಂಜೆಯೇ ಬಂದು ಅವನ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿದರು. ಡಾಕ್ಟರ ಮೂರು ತಿಂಗಳು ಆ ಹಂಡೆಯ ನೀರಿನಲ್ಲೇ ಕೊಚ್ಚಿಹೋಯಿತು.

ಪ್ರದೀಪ ಒಂದಷ್ಟು ದಿನ ಮನೆಯಲ್ಲಿದ್ದ. ಮಳೆ ಹಿಂದಾದ ಮೇಲೆ ತೋಟಗಳಿಗೆ ಗೊಬ್ಬರ ಹಾಕುವ ಕೆಲಸ ಶುರುವಾಯಿತು. ಎಸ್ಟೇಟಿನ ರೈಟರ್ ಏಕಾಂತಯ್ಯ ಹಾಜರಿ ಹಾಕುವವರು, ಕೆಲಸಕ್ಕೆ ಜನ ಕರೆಯುವವರೂ ಅವರೇ. ದಾರಿಯಲ್ಲಿ ಸಿಕ್ಕಿ, "ಏನಪ್ಪ, ನೀರು ಹಾಕ್ಕಂಡಾಯ್ತಂತಲ್ಲ," ಎಂದರು. ಬಾ ಎನ್ನಲಿಲ್ಲ. ಅಷ್ಟೇ ಸಾಕಾಯಿತು. ಮರುದಿನ ಪ್ರದೀಪ ರಸ್ತೆಯಿಂದ ತೋಟದ ಮೇಲಿನ ಬ್ಲಾಕಿಗೆ ಗೊಬ್ಬರದ ಮೂಟೆ ಹೊರಲು ಹೋದ. ಮೊದಲನೆಯ ದಿನ ಹೊತ್ತ. ಎರಡನೆಯ ದಿನ ಹೊತ್ತು ನಡುವೆ ನಡುವೆ ಕೂತ. ಒಂದು ವಾರ ಕಳೆಯುವುದರೊಳಗೆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅವನು ಚಪ್ಪಲಿ ಬಿಟ್ಟು ಒಳಗೆ ಬಂದಾಗ ಪಾದದ ಮೇಲೆ ಪಟ್ಟಿಯ ಗುರುತು ಹಳ್ಳ ಬಿದ್ದದ್ದನ್ನು ಲಿಂಗಮ್ಮ ನೋಡಿದಳು. ಬಗ್ಗಿ ಹೆಬ್ಬೆರಳಿನಿಂದ ಮುಂಗಾಲು ಒತ್ತಿದಳು. ಒತ್ತಿದ ಜಾಗ ಗುಳಿಯಾಗಿಯೇ ಉಳಿಯಿತು.

"ಯೋಗಾ, ಜೀಪು ತೆಗಿ," ಎಂದಳು ಬೇಲಿಯ ಹತ್ತಿರ ಬಂದು. ಆ ಧ್ವನಿ ಕೇಳಿ ನಾನು ತಿನ್ನುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟೆ.

ಬಿಂದುಶ್ರೀ ಡಾಕ್ಟರು ಎದೆಯ ಮೇಲೆ ಯಂತ್ರ ಒತ್ತಿ ಎಕೋ ನೋಡಿದರು. ಮೊದಲು ಅರ್ಧ ಇದ್ದದ್ದು ಈಗ ಅರ್ಧಕ್ಕಿಂತ ಎಷ್ಟೋ ಕೆಳಗೆ ಹೋಗಿತ್ತು. ಶ್ವಾಸಕೋಶದಲ್ಲಿ ನೀರು ನಿಂತಿತ್ತು.

"ನಾನು ಏನು ಹೇಳಿದ್ದೆ?" ಎಂದು ಕೇಳಿದರು.

"ಜ್ವರ ಬಿಟ್ಟಿತ್ತು ಮೇಡಂ," ಎಂದ ಚಲುವಯ್ಯ. "ತಲೆಗೆ ನೀರೂ ಹಾಕ್ಬುಟ್ಟಿದ್ವಿ."

ಡಾಕ್ಟರಿಗೆ ನಮ್ಮ ಕಡೆಯ ನೀರಿನ ಅರ್ಥ ಗೊತ್ತಿತ್ತು ಅನ್ನಿಸುತ್ತದೆ, ಬೈಯಲಿಲ್ಲ. "ನೋಡಿ," ಎಂದರು, "ನಿಮ್ಮ ಗದ್ದೆಗೆ ಆನೆ ಬರುತ್ತೆ, ಹೋಗುತ್ತೆ. ಆನೆ ಹೋಯ್ತು ಅಂದ್ರೆ ಗದ್ದೆ ಸರಿಯಾಯ್ತು ಅಂತ ಅಲ್ಲ ತಾನೆ? ಜ್ವರ ಹೋಗಿದೆ, ತುಳಿದ ಜಾಗ ಹಾಗೇ ಇದೆ."

"ಆನೆ ತುಳಿದ್ರೆ ನಾವು ಮಾರ್ನೇ ದಿನಾನೇ ಗದ್ದೆಗೆ ಇಳೀತೀವಲ್ಲ ಮೇಡಂ," ಎಂದ ಚಲುವಯ್ಯ. ಅವನು ಎದುರು ಮಾತಾಡಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು. ಒಳ್ಳೆಯ ಹೋಲಿಕೆ ಕೊಟ್ಟೆನೆಂದು ಅವರಿಗೆ ಅನ್ನಿಸಿತ್ತೇನೋ, ಪಾಪ.

ಆಗ ಲಿಂಗಮ್ಮ ಮುಂದೆ ಬಂದಳು. "ಅಮ್ಮಾ, ನಂಗೆ ಹೃದಯ ಗಿದಯ ಗೊತ್ತಾಗಕ್ಕಿಲ್ಲ. ಇವ್ನು ಏನು ಮಾಡ್ಬೋದು, ಏನು ಮಾಡ್ಬಾರ್ದು, ಒಂದೊಂದೇ ಹೇಳಿ."

ಡಾಕ್ಟರು ಹೇಳತೊಡಗಿದರು. ಭಾರ ಎತ್ತಬಾರದು. ಬಗ್ಗಿ ಏಳುವ ಕೆಲಸ ಬೇಡ. ಹೊಲ ತೋಟದ ಕಡೆ ಹೋಗಬಾರದು. ಮನೆಯೊಳಗೆ ನಿಧಾನಕ್ಕೆ ನಡೆದಾಡಬಹುದು. ಚಳಿಗಾಳಿಗೆ ಮೈ ಒಡ್ಡಬಾರದು, ಕೆಮ್ಮು ನೆಗಡಿ ಇದ್ದವರು ಹತ್ತಿರ ಬರಬಾರದು. ಕುಡಿಯುವ ನೀರು ಅಳತೆಯಲ್ಲಿ. ಊಟ ಮೆತ್ತಗೆ, ಸ್ವಲ್ಪ ಸ್ವಲ್ಪ. ಹೆಂಡತಿಯ ಜೊತೆ ಮಲಗುವುದು ಸದ್ಯಕ್ಕೆ ಬೇಡ. ಕೊನೆಯದನ್ನು ಹೇಳುವಾಗ ನಯನಾ ನೆಲ ನೋಡಿದಳು, ನಾನು ಫ್ಯಾನು ನೋಡಿದೆ.

ಲಿಂಗಮ್ಮ ಬೆರಳು ಮಡಚುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಇಷ್ಟೇನಾ. ಬಾಣಂತನ ಅನ್ನಿ," ಎಂದಳು.

ಡಾಕ್ಟರು ನಕ್ಕರು. ನರ್ಸೂ ನಕ್ಕಳು. ಆಮೇಲೆ ಡಾಕ್ಟರು ನಗು ನಿಲ್ಲಿಸಿ ಲಿಂಗಮ್ಮನ ಮುಖವನ್ನೇ ನೋಡಿದರು. "ಹೂಂ ಅಜ್ಜಿ. ಬಾಣಂತನ ಅಂತಾನೇ ಇಟ್ಕೊಳ್ಳಿ. ಆದ್ರೆ ಹಂಡೆಗಟ್ಟಲೆ ಸುಡೋ ನೀರು ಸುರೀಬಾರದು, ತುಪ್ಪ ಬೇಡ, ಉಪ್ಪು ಹೆಸರಿಗೆ ಮಾತ್ರ. ಕೊಟ್ಟ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಮೂರು ತಿಂಗಳಾದ ಮೇಲೆ ಕರ್ಕೊಂಡು ಬನ್ನಿ. ನಾನು ಎಕೋ ನೋಡಿ ಹೇಳೋ ತನಕ ಮರದ ಮಾತೇ ಇಲ್ಲ."

"ತುಪ್ಪ ಇಲ್ದ ಬಾಣಂತನ," ಎಂದು ಲಿಂಗಮ್ಮ ಬೇಸರ ಮಾಡಿಕೊಂಡಳು. ಅದೊಂದು ಅವಳಿಗೆ ಸರಿಬರಲಿಲ್ಲ.

ಪ್ರದೀಪನನ್ನು ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ನಯನಾ ಎರಡನೆಯ ಮಗುವನ್ನು ಹೆತ್ತು ಮಲಗಿದ್ದೂ ಅದೇ ಕೋಣೆ, ಅದೇ ಮಂಚ. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟರು. ಹತ್ತಿಯನ್ನು ಡಾಕ್ಟರು ಹೇಳಿರಲಿಲ್ಲ, ಆದರೆ ಬೇಡ ಎಂದೂ ಹೇಳಿರಲಿಲ್ಲ ಎಂಬುದು ಲಿಂಗಮ್ಮನ ವಾದ. ಮೆಣಸು ಬೆಳ್ಳುಳ್ಳಿ ಸಾರು, ಬಿಸಿ ಅನ್ನ, ನೀರು ಕುಡಿಯಲು ಅಳತೆಯ ಒಂದು ಲೋಟ. ಪ್ರದೀಪ ಮೊದಲ ದಿನ ಆ ಬಟ್ಟೆಯನ್ನು ಕಿತ್ತು ಮೂಲೆಗೆ ಎಸೆದ. ಅವನ ತಾಯಿ ಎತ್ತಿಕೊಂಡು ಬಂದು ಮತ್ತೆ ಕಟ್ಟಿದಳು. ಮೂರು ನಾಲ್ಕು ಸಲ ಹೀಗಾದ ಮೇಲೆ ಅವನೇ ಸುಸ್ತಾದ.

ಊರಿಗೆ ಹಬ್ಬವೇ ಆಯಿತು. ಗುಂಡಯ್ಯ ಎಂಬ ಒಬ್ಬ ಇದ್ದಾನೆ, ನಗಿಸದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಕೋಣೆಯ ಕಿಟಕಿಗೆ ಬಂದು, "ಹೆಣ್ಣೋ ಗಂಡೋ ಮಾರಾಯ?" ಎಂದ.

"ಒಳಕ್ಕೆ ಬಾ, ತೋರಿಸ್ತೀನಿ," ಎಂದ ಪ್ರದೀಪ. ಕೈಗೆ ಸಿಕ್ಕಿದ ಲೋಟ ಕಿಟಕಿಯ ಸರಳಿಗೆ ಬಡಿಯಿತು.

ಗಂಡಸರು ನಕ್ಕದ್ದು ಹೀಗೆ. ಹೆಂಗಸರು ನಗಲಿಲ್ಲ. ಅವರು ಒಬ್ಬೊಬ್ಬರಾಗಿ ಬಾಣಂತಿ ನೋಡಲು ಬರುವ ಹಾಗೆಯೇ ಬಂದರು, ಕೊಬ್ಬರಿ ತಂದರು, ಬೆಲ್ಲ ತಂದರು, ಹೊಸ್ತಿಲ ಆಚೆ ಕಾಲು ತೊಳೆದುಕೊಂಡು ಒಳಗೆ ಬಂದರು, ಮೆಲ್ಲಗೆ ಮಾತಾಡಿ ಎದ್ದು ಹೋದರು. ಪ್ರದೀಪ ಗೋಡೆಯ ಕಡೆ ತಿರುಗಿ ಮಲಗಿಕೊಳ್ಳುತ್ತಿದ್ದ.

ಬಾಣಂತನ ಎಂಬ ಮಾತಿನ ಉಪಯೋಗ ನನಗೆ ಗೊತ್ತಾದದ್ದು ಏಕಾಂತಯ್ಯ ಬಂದ ದಿನ. ಕಾಫಿ ಹಣ್ಣಿನ ಕೊಯ್ಲು ಶುರುವಾಗಿ ಮೂಟೆ ಹೊರುವವರು ಸಾಲುತ್ತಿರಲಿಲ್ಲ. ರೈಟರು ಅಂಗಳಕ್ಕೆ ಬಂದು, ಭಾರ ಬೇಡ, ಸ್ಟೋರಿನಲ್ಲಿ ನಿಂತು ನೋಡಿಕೊಂಡರೆ ಸಾಕು, ಕಳಿಸಿ ಎಂದರು. ರೋಗಿ ಎಂದಿದ್ದರೆ ಅವರು ಹತ್ತು ಮಾತಾಡುತ್ತಿದ್ದರು. ಜ್ವರ ಇದೆಯೇ, ಇಲ್ಲ. ಊಟ ಸೇರುತ್ತದೆಯೇ, ಸೇರುತ್ತದೆ. ಮತ್ತೇನು ರೋಗ? ಲಿಂಗಮ್ಮ ಹೊಸ್ತಿಲಿಗೆ ಅಡ್ಡ ನಿಂತು, "ಒಳಗೆ ಬಾಣಂತನ ನಡೀತೈತೆ ಕಣಪ್ಪ," ಎಂದಳು.

ಏಕಾಂತಯ್ಯ ಏನು ಯೋಚಿಸಿದರೋ ಗೊತ್ತಿಲ್ಲ, ಕಾಲು ಮಾತ್ರ ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಆ ಮಾತು ಕೇಳಿ ನಮ್ಮ ಕಡೆಯ ಗಂಡಸು ಹಾಗೆ ಹಿಂದೆ ಸರಿಯದೆ ಇರುವುದು ಸಾಧ್ಯವಿಲ್ಲ, ಹುಟ್ಟಿದಾಗಿನಿಂದ ಅಭ್ಯಾಸ. ಹಿಂದೆ ಸರಿದ ಮೇಲೆ ಮತ್ತೆ ಮುಂದೆ ಬರಲು ಅವರಿಗೆ ನಾಚಿಕೆಯಾಯಿತು. "ಆಗ್ಲಿ ಬುಡಮ್ಮ," ಎಂದು ಹೊರಟರು. ಬೇಲಿಯ ಈಚೆ ನಿಂತಿದ್ದ ನಾನು ಅವತ್ತಿನಿಂದ ನಗುವುದನ್ನು ಕಡಿಮೆ ಮಾಡಿದೆ.

ಕೊಯ್ಲಿಗೆ ಪ್ರದೀಪನ ಬದಲು ನಯನಾ ಹೋದಳು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಗಂಡನ ಮಾತ್ರೆ ಕೊಟ್ಟು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೊರಡುತ್ತಿದ್ದಳು. ಸಂಜೆ ಬಂದು ಅತ್ತೆಯ ಜೊತೆ ಅಡಿಗೆಗೆ ಕೂರುತ್ತಿದ್ದಳು. ಹೆಚ್ಚು ಮಾತಿನವಳಲ್ಲ. ಒಂದು ಸಂಜೆ ನಾನು ಹಾಸನದಿಂದ ತಂದ ಮಾತ್ರೆ ಕೊಡಲು ಹೋದಾಗ ಲಿಂಗಮ್ಮ ಹೇಳುತ್ತಿದ್ದಳು, ಮೂರು ತಿಂಗಳು ಎಂದರೆ ಮೂರು ತಿಂಗಳು, ಒಂದು ದಿನ ಕಡಿಮೆ ಮಾಡಿದರೂ ಮೈ ಉಳಿಯುವುದಿಲ್ಲ ಎಂದು.

"ನಂಗೆ ಒಂದೂವರೆ ತಿಂಗ್ಳಿಗೇ ಎಬ್ಬಿಸಿದ್ರಲ್ಲ ಅತ್ತೆ," ಎಂದಳು ನಯನಾ, ಬೆಳ್ಳುಳ್ಳಿ ಸುಲಿಯುತ್ತ.

ಲಿಂಗಮ್ಮ ಒಲೆಗೆ ಸೌದೆ ನೂಕಿದಳು. "ಆವಾಗ ತೋಟದಾಗೆ ಕಾಫಿ ಹಣ್ಣು ಉದುರ್ತಿತ್ತು ಕಣವ್ವ," ಎಂದಳು. ನಯನಾ ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡಳು. ನಾನು ಮಾತ್ರೆ ಇಟ್ಟು ಬಂದೆ.

ಚಲುವಯ್ಯನಿಗೆ ಮಗನ ಉಪ್ಪಿಲ್ಲದ ಊಟ ನೋಡಲಾಗುತ್ತಿರಲಿಲ್ಲ. ಹೆಂಗಸರು ಇಲ್ಲದ ಹೊತ್ತಿನಲ್ಲಿ ಸುಟ್ಟ ಒಣಮೀನನ್ನು ಬಾಳೆಲೆಯಲ್ಲಿ ಸುತ್ತಿ ಕೊಡುತ್ತಿದ್ದ. ಮಗ ತಿಂದು ಕಣ್ಣು ಒರೆಸಿಕೊಳ್ಳುತ್ತಿದ್ದನಂತೆ, ಅಷ್ಟು ರುಚಿಗೆ. ನಾಲ್ಕು ದಿನ ನಡೆಯಿತು. ಐದನೆಯ ದಿನ ಲಿಂಗಮ್ಮ ಎಂದಿನಂತೆ ಮುಂಗಾಲು ಒತ್ತಿದಾಗ ಮತ್ತೆ ಗುಳಿ ಬಿತ್ತು. ಕೋಣೆಯ ವಾಸನೆ ಹಿಡಿದು ಮಂಚದ ಕೆಳಗಿನ ಎಲೆ ಎಳೆದು ತೆಗೆದಳು. ಆಮೇಲೆ ಗಂಡನನ್ನು ಅಂಗಳಕ್ಕೆ ಕರೆದು ನಿಲ್ಲಿಸಿ ಬೈದದ್ದು ನಮ್ಮ ಮನೆಗೂ ಅದರಾಚೆಯ ಮನೆಗೂ ಕೇಳಿಸಿತು. ಬೈಯುತ್ತ ಬೈಯುತ್ತಲೇ ಅಳತೊಡಗಿದಳು. "ಹೆತ್ತು ಸಾಕಿದ್ದನ್ನ ಮೀನು ಕೊಟ್ಟು ಕೊಲ್ತೀಯ," ಎಂದಳು. ಅವಳಿಗೆ ಎಷ್ಟು ಭಯವಿದೆ ಎಂದು ಚಲುವಯ್ಯನಿಗೆ ತಿಳಿದದ್ದು ಆವಾಗಲೇ ಇರಬೇಕು, ಅವನು ತಲೆ ತಗ್ಗಿಸಿ ನಿಂತಿದ್ದ. ನನಗೂ ಆವಾಗಲೇ ಹೆದರಿಕೆಯಾಯಿತು. ಒಣಮೀನಿನಿಂದ ಊದಿಕೊಳ್ಳುವ ಮೈ ಎಂದರೆ ಅದೆಷ್ಟು ಸೂಕ್ಷ್ಮವಾಗಿರಬೇಕು.

ಸಂಕ್ರಾಂತಿ ಹತ್ತಿರ ಬಂತು. ಪ್ರದೀಪನ ಮುಖ ತುಂಬಿಕೊಂಡಿತ್ತು, ಕಾಲಿನ ಊತ ಇಳಿದಿತ್ತು, ಮಲಗಿ ನಿದ್ದೆ ಮಾಡುತ್ತಿದ್ದ. ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿ ತನಗೆ ಎಲ್ಲ ಸರಿಹೋಯಿತು ಎಂದು ಅವನೇ ತೀರ್ಮಾನಿಸಿಕೊಂಡ. ಆ ವರ್ಷ ಮೆಣಸು ಬೇಗ ಹಣ್ಣಾಗಿತ್ತು. ಒಂದು ಬೆಳಿಗ್ಗೆ ಕಿಟಕಿಯಿಂದ ನನ್ನನ್ನು ಕರೆದು, ಗುಟ್ಟಿನಲ್ಲಿ ಹೇಳಿದ.

"ಯೋಗಣ್ಣ, ಶುಕ್ರವಾರ ಅವ್ವ ಗಂಗೆ ಪೂಜೆ ಮಾಡಿಸಿ ಬಾಣಂತನ ಮುಗಿಸ್ತದೆ. ಶನಿವಾರ ಬೆಳಿಗ್ಗೆ ನನ್ನ ಏಣಿನ ಜೀಪಿನ ಮೇಲೆ ಹಾಕ್ಕಂಡು ಎಸ್ಟೇಟ್‌ಗೆ ಬುಡು. ರೈಟರಿಗೆ ಹೇಳಿ ಕಳಿಸೀನಿ."

"ಸೋಮವಾರ ಹಾಸನಕ್ಕೆ ಹೋಗ್ಬೇಕಲ್ಲೋ. ಎಕೋ ನೋಡಿ ಹೇಳ್ತೀನಿ ಅಂದಿದ್ರು ಡಾಕ್ಟ್ರು."

"ಸೋಮವಾರನೂ ಹೋಗಾನ. ನಂಗೇನಾಗೈತೆ ಈಗ? ಇನ್ನೊಂದು ದಿನ ಈ ಬಟ್ಟೆ ಕಟ್ಕಂಡ್ರೆ ನಾನು ಗಂಡಸೇ ಅಲ್ಲ ಅಂದ್ಕಂಬುಡ್ತಾರೆ."

ನಾನು ಮಾತು ಕೊಡದೆ ಅಲ್ಲಿಂದ ಬಂದುಬಿಟ್ಟೆ. ಸಿಲ್ವರ್ ಮರದ ಅರ್ಧದಲ್ಲಿ ಉಸಿರು ಕಟ್ಟಿದರೆ ಕೂರಲು ಜಗಲಿ ಇರುವುದಿಲ್ಲ. ಸಂಜೆ ನಯನಾ ಕೊಯ್ಲಿನಿಂದ ಬರುವ ದಾರಿಯಲ್ಲಿ ಜೀಪು ನಿಲ್ಲಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಅತ್ತೆಗೆ ಹೇಳ್ಬೇಡಿ ಅಣ್ಣ. ನಾನು ನೋಡ್ತೀನಿ," ಎಂದಳು.

ಗಂಗೆ ಪೂಜೆಯ ಸಂಗತಿ ಇಷ್ಟು. ಬಾಣಂತನ ಮುಗಿದ ಹೆಂಗಸು ಬಾವಿಗೆ ಹೋಗಿ ಅರಿಸಿನ ಕುಂಕುಮ ಹಾಕಿ, ನೀರು ಸೇದಿ, ತುಂಬಿದ ಬಿಂದಿಗೆಯನ್ನು ಮನೆಗೆ ಹೊತ್ತು ತರುತ್ತಾಳೆ. ಬಾಗಿಲಲ್ಲಿ ಅವಳಿಗೆ ಆರತಿ ಎತ್ತಿ ಮಡಿಲು ತುಂಬುತ್ತಾರೆ. ಅಲ್ಲಿಂದ ಮುಂದೆ ಅವಳು ಎಲ್ಲರಂತೆ ಕೆಲಸದವಳು. ಬಾಣಂತನ ಎಂದು ಶುರು ಮಾಡಿದ್ದನ್ನು ಗಂಗೆ ಪೂಜೆ ಇಲ್ಲದೆ ಮುಗಿಸಿ ಹೊಸ್ತಿಲು ದಾಟಿಸುವುದು ಲಿಂಗಮ್ಮನಿಂದ ಆಗದು. ಶುಕ್ರವಾರ ಪೂಜೆ, ಸೋಮವಾರ ಹಾಸನ ಎಂದು ಅವಳ ಲೆಕ್ಕ. ನಡುವಿನ ಶನಿವಾರ ಅವಳಿಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಬಾವಿಯ ಹತ್ತಿರ ಜೀಪು ತೊಳೆಯುತ್ತಿದ್ದೆ. ಆ ಬಾವಿ ಗದ್ದೆಯ ಅಂಚಿನಲ್ಲಿದೆ, ಮನೆಗಳು ಮೇಲೆ. ನಡುವೆ ಕಲ್ಲು ಮೆಟ್ಟಿಲ ಏರು. ಹೆಂಗಸರು ಏಳೆಂಟು ಮಂದಿ ಇಳಿದು ಬಂದರು, ಅವರ ನಡುವೆ ತಲೆಯ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡ ಪ್ರದೀಪ. ನಗುತ್ತಿದ್ದ. ಅದು ಅವನ ಬಿಡುಗಡೆಯ ದಿನ, ಏನು ಮಾಡಿಸಿದರೂ ಮಾಡಲು ತಯಾರಿದ್ದ. ಲಿಂಗಮ್ಮ ಒಂದು ಚೊಂಬು ಕೊಟ್ಟು ಕಳಿಸಿದ್ದಳು, ಮಗನಿಗೆ ಅಷ್ಟು ಸಾಕು ಎಂದು. ನಯನಾ ಕಂಕುಳಲ್ಲಿದ್ದ ತಾಮ್ರದ ಬಿಂದಿಗೆಯನ್ನು ಬಾವಿಕಟ್ಟೆಯ ಮೇಲಿಟ್ಟಳು. ಪೂಜೆಯಾದ ಮೇಲೆ ತಾನೇ ನೀರು ಸೇದಿ ಕಂಠಮಟ್ಟ ತುಂಬಿದಳು.

"ಗಂಗೆ ತರೋದು ಬಿಂದಿಗೇಲಿ," ಎಂದಳು ಗಂಡನಿಗೆ. "ನಾನು ಹಸಿ ಬಾಣಂತಿ ಆಗಿದ್ದಾಗ ಇದನ್ನೇ ಹೊತ್ತಿದ್ದೆ. ಇದು ಮನೆ ಮುಟ್ಟಿದ್ರೆ ನಾಳೆ ನೀವು ಮರ ಹತ್ತಿ, ನಾನು ತಡೆಯಲ್ಲ. ಮುಟ್ಟದಿದ್ರೆ ಡಾಕ್ಟ್ರು ಹೇಳೋ ತನಕ ಏಣಿ ಮುಟ್ಬಾರ್ದು."

ಪ್ರದೀಪ ನನ್ನ ಕಡೆ ತಿರುಗಿ ನೋಡಿದ. ನಾನು ಜೀಪಿನ ಚಕ್ರ ತಿಕ್ಕಿದೆ.

"ಇದೇನು ಮಹಾ," ಎಂದು ಬಿಂದಿಗೆ ಎತ್ತಿ ಹೆಗಲ ಮೇಲಿಟ್ಟುಕೊಂಡ. ಐವತ್ತು ಕೆಜಿ ಮೂಟೆ ಹೊತ್ತ ಹೆಗಲು. ಮೊದಲ ಮೆಟ್ಟಿಲುಗಳನ್ನು ಬೇಗಬೇಗ ಹತ್ತಿದ. ನಯನಾ ಅವನ ಹಿಂದೆಯೇ, ಕೈ ಎರಡೂ ಮುಂದೆ ಚಾಚಿಕೊಂಡು ಹತ್ತಿದಳು. ಅವನು ಬಿದ್ದರೆ ಇಲ್ಲಿ ಬೀಳಲಿ, ನನ್ನ ಕೈಗೆ ಬೀಳಲಿ ಎಂದು ಅವಳು ಲೆಕ್ಕ ಹಾಕಿದ್ದಾಳೆಂದು ನನಗೆ ಆಗ ಹೊಳೆಯಿತು. ಬಟ್ಟೆ ಬಿಸಾಕಿ ನಾನೂ ಹಿಂದೆ ಹೋದೆ.

ಅರ್ಧ ಏರಿನಲ್ಲಿ ಅವನ ಹೆಜ್ಜೆ ನಿಧಾನವಾಯಿತು. ಕುತ್ತಿಗೆಯ ನರ ಎದ್ದು ನಿಂತಿತ್ತು. ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಹೆಂಗಸರ ಮಾತು ನಿಂತಿತು. ಇನ್ನೊಂದು ಮೆಟ್ಟಿಲು ಹತ್ತಿದ, ಬಿಂದಿಗೆಯ ನೀರು ತುಳುಕಿ ಅಂಗಿ ನೆನೆಯಿತು. ಇನ್ನೊಂದಕ್ಕೆ ಕಾಲೆತ್ತಿದವನು ಹಾಗೇ ನಿಂತ. ಮೇಲೆ ಅಂಗಳದಲ್ಲಿ ಆರತಿ ತಟ್ಟೆ ಹಿಡಿದು ನಿಂತ ಲಿಂಗಮ್ಮ ಕಾಣುತ್ತಿದ್ದಳು. ಬಿಂದಿಗೆ ನೋಡಿ ಅವಳ ಮುಖದ ಬಣ್ಣ ಹೋಗಿತ್ತು. ಊರಿನ ಅಷ್ಟು ಹೆಂಗಸರ ಎದುರಿಗೆ ಈ ಗಂಡಸು ಇಳಿಸಲಾರ, ಸತ್ತರೂ ಹೊತ್ತೇ ಸಾಯುತ್ತಾನೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ನಯನಾ ಕೈ ಚಾಚಿಕೊಂಡೇ ನಿಂತಿದ್ದಳು. ಇಳಿಸಿ ಎಂದು ಅವಳು ಒಂದು ಮಾತು ಹೇಳಿದ್ದರೆ ಅವನು ಇಳಿಸುತ್ತಿರಲಿಲ್ಲ.

ಪ್ರದೀಪ ಬಿಂದಿಗೆಯನ್ನು ಇಳಿಸಿದ. ಚೆಲ್ಲದ ಹಾಗೆ, ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲಿಟ್ಟ. ಇಟ್ಟು ಅದರ ಪಕ್ಕದಲ್ಲೇ ಕೂತುಕೊಂಡ. ಬಹಳ ಹೊತ್ತು ಅವನ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಯಾರೂ ನಗಲಿಲ್ಲ. ಹೆಂಗ್ಸಿನ ಕೈಲಿ ಆಗೋದು ನಿನ್ ಕೈಲಿ ಆಗ್ಲಿಲ್ವ ಎಂದು ಯಾರೂ ಅನ್ನಲಿಲ್ಲ.

ಪೂಜೆ ಮಾಡಿದ ಗಂಗೆಯನ್ನು ದಾರಿಯಲ್ಲಿ ಬಿಡುವಂತಿಲ್ಲ. ನಯನಾ ಸೆರಗು ಸಿಕ್ಕಿಸಿಕೊಂಡು ಬಿಂದಿಗೆಯನ್ನು ಸೊಂಟಕ್ಕೆ ಎತ್ತಿಕೊಂಡಳು. ಅವನ ಉಸಿರು ಹದಕ್ಕೆ ಬಂದ ಮೇಲೆ ಇಬ್ಬರೂ ಹತ್ತತೊಡಗಿದರು. ಎರಡು ಮೆಟ್ಟಿಲಿಗೊಮ್ಮೆ ಅವನು ನಿಂತಾಗ ಅವಳೂ ತುಂಬಿದ ಬಿಂದಿಗೆಯೊಂದಿಗೆ ನಿಂತಳು. ನಾನು ಅವನ ತೋಳು ಹಿಡಿಯಲು ಹೋದೆ, ಬೇಡ ಎಂದು ಕೈಸನ್ನೆ ಮಾಡಿದ.

ಬಾಗಿಲಿಗೆ ಬಂದದ್ದು ನಯನಾ, ಗಂಗೆ ಅವಳ ಸೊಂಟದ ಮೇಲಿತ್ತು. ಲಿಂಗಮ್ಮ ತಟ್ಟೆ ಹಿಡಿದು ಒಂದು ಗಳಿಗೆ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆರತಿ ಎತ್ತಿದಳು. ಮಗನಿಗೆಂದು ತಮಾಷೆಗೂ ಶಾಸ್ತ್ರಕ್ಕೂ ಎರಡಕ್ಕೂ ಸಿದ್ಧಮಾಡಿ ಇಟ್ಟಿದ್ದ ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆಯನ್ನು ತಂದು ನಯನಾಳ ಮಡಿಲಿಗೆ ಹಾಕಿದಳು.

"ಅವತ್ತು ನಿಂಗೆ ಸರಿಯಾಗಿ ತುಂಬ್ಲಿಲ್ಲ ಕಣವ್ವ," ಎಂದಳು. "ಹಣ್ಣು ಉದುರಿದ್ರೆ ಉದುರ್ಲಿ ಅನ್ಬೇಕಿತ್ತು."

ನಯನಾ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ಆಸ್ಪತ್ರೆಯಲ್ಲಿ ಯಂತ್ರದ ಮೇಲಿದ್ದಾಗಲೂ ಅವಳು ಅತ್ತಿರಲಿಲ್ಲ.

ಪ್ರದೀಪ ಅಂಗಳದ ಹಲಸಿನ ಮರಕ್ಕೆ ಕೈ ಕೊಟ್ಟು ನಿಂತಿದ್ದ. ಗೋಡೆಗೆ ಒರಗಿಸಿದ್ದ ತನ್ನ ಏಣಿಯನ್ನು ಬುಡದಿಂದ ತುದಿಯವರೆಗೆ ಒಂದು ಸಲ ನೋಡಿದ. ಆಮೇಲೆ ಹೆಗಲ ಮೇಲಿದ್ದ ಬಟ್ಟೆ ತೆಗೆದು ತಾನೇ ತಲೆಗೆ ಸುತ್ತಿಕೊಂಡ.

"ಅವಳ್ದು ಮುಗೀತು ಕಣವ್ವ," ಎಂದ. "ನಂದು ಇನ್ನೂ ಮುಗಿದಿಲ್ಲ."

ಕಾಲು ತೊಳೆದುಕೊಂಡು, ಹೊಸ್ತಿಲು ದಾಟಿ, ಕೋಣೆಗೆ ಹೋಗಿ ಮಲಗಿದ.